ಮುಖ ಎತ್ತಿ ಓದಿದವಳು

"ಹಿಡಿ, ಹಿಡಿ, ಗಾಜು ಉಂಟು" ಎನ್ನುತ್ತ ಉದಯಶಂಕರ ಮಾಷ್ಟ್ರು ಸ್ಟೂಲಿನ ಮೇಲಿಂದ ಇಳಿಸಿದ ಮಾನಪತ್ರವನ್ನು ಪೂವಮ್ಮ ಎರಡೂ ಕೈ ಚಾಚಿ ಹಿಡಿದುಕೊಂಡಳು. ಕಟ್ಟಿನ ಹಿಂದಿನಿಂದ ಹಲ್ಲಿಯೊಂದು ಬಿದ್ದು ಹೆಣದ ಕಡೆಗೆ ಓಡಿತು.

ರಾಧಾಕೃಷ್ಣ ಮಾಷ್ಟ್ರು ಚಾವಡಿಯಲ್ಲಿ ದರ್ಭೆಯ ಮೇಲೆ ಮಲಗಿದ್ದರು. ಒಂದು ವಾರದ ಜ್ವರ ಅವರನ್ನು ಅರ್ಧ ಮಾಡಿಬಿಟ್ಟಿತ್ತು. ಕಾಣಿಯೂರು, ಪಂಜ, ರಾಮಕುಂಜದಿಂದ ಬಂದ ಜನ ಅಂಗಳದಲ್ಲಿ ನಿಂತಿದ್ದರು.

"ಹೆಣ ಎತ್ತುವ ಮೊದಲು ಇದನ್ನೊಮ್ಮೆ ಓದುವ. ಅವರು ಎಂತ ಮಾಡಿದ್ರು ಅಂತ ಈಗಿನ ಮಕ್ಕಳಿಗೂ ಗೊತ್ತಾಗ್ಲಿ" ಎಂದರು ಉದಯಶಂಕರ. ಅವರೀಗ ರಾಧಾಕೃಷ್ಣ ಮಾಷ್ಟ್ರು ಕಲಿಸಿದ್ದ ಶಾಲೆಯ ಹೆಡ್‌ಮಾಷ್ಟ್ರು.

"ಪೂವಮ್ಮನೇ ಓದ್ಲಿ ಮಾರಾಯ್ರೆ" ಎಂದ ಜವಳಿ ಅಂಗಡಿಯ ಅಲಿ ಕುಂಞಿ. "ಸಿನಿಮಾದಲ್ಲಿ ಇವಳು ಓದುದು ನೋಡಿ ನಾನು ನಲವತ್ತರ ಮೇಲೆ ಸ್ಲೇಟು ಹಿಡ್ದದ್ದು. ಇಷ್ಟು ಸಣ್ಣ ಹೆಣ್ಣಿಗೆ ಆಗ್ತದೆ, ನನಗೆ ಆಗುದಿಲ್ವಾ ಅಂತ ನಾಚಿಕೆ ಆಯ್ತು."

ಹೆಂಗಸರ ನಡುವಿನಿಂದ ಪೂವಮ್ಮನ ಅತ್ತೆ ದುಗ್ಗಮ್ಮ ಕತ್ತು ಉದ್ದ ಮಾಡಿದಳು. "ನನ್ನ ಸೊಸೆ" ಎಂದು ಪಕ್ಕದವಳಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಪೂವಮ್ಮ ಮಾನಪತ್ರವನ್ನು ನೋಡಿದಳು. ಸಿಂಹದ ಮುದ್ರೆ ಮೇಲಕ್ಕೆ ಬರಬೇಕು. ಅಷ್ಟು ಅವಳಿಗೆ ಗೊತ್ತಿತ್ತು. ಅದರ ಕೆಳಗಿನದೆಲ್ಲ ಅವಳ ಪಾಲಿಗೆ ಇರುವೆಯ ಸಾಲು.

*

ಐವತ್ತೇಳರಲ್ಲಿ ಶಾಲೆಯ ಸಿನಿಮಾ ತೆಗೆಯಲು ಸರಕಾರದ ಕೆಮರಾದವರು ಬಂದಾಗ ಅವಳು ಎರಡನೇ ಕ್ಲಾಸು. ರಾಧಾಕೃಷ್ಣ ಮಾಷ್ಟ್ರು ಸಿನಿಮಾ ತೋರಿಸಿ ಅಕ್ಷರ ಕಲಿಸುತ್ತಾರೆಂಬ ಸುದ್ದಿ ಬೆಂಗಳೂರಿನವರೆಗೂ ಹೋಗಿತ್ತು. ಸುದ್ದಿ ಸುಳ್ಳಾಗಿರಲಿಲ್ಲ. ಜೀಪಿನಲ್ಲಿ ಪ್ರೊಜೆಕ್ಟರು ಬಂದ ದಿನ ಅವರು ಕಿಟಕಿಗಳಿಗೆ ಗೋಣಿ ಕಟ್ಟಿ, ಶಬ್ದ ನಿಲ್ಲಿಸಿ, ಬರೀ ಚಿತ್ರ ಓಡಿಸುತ್ತಿದ್ದರು. ಸುಣ್ಣದ ಗೋಡೆಯ ಮೇಲೆ ಎತ್ತು ನಡೆದು ಬಂದರೆ "ಇದು ಎಂತ?" ಎಂದು ಕೇಳುವರು. ಮಕ್ಕಳು ತುಳುವಿನಲ್ಲಿ, ಅರೆಭಾಷೆಯಲ್ಲಿ, ಬ್ಯಾರಿಯಲ್ಲಿ ಕಿರಿಚುವರು. ಮಾಷ್ಟ್ರು ಇದ್ದಿಲು ಹಿಡಿದು, ಎತ್ತಿನ ಹೊಟ್ಟೆಯ ಮೇಲೆಯೇ 'ಎತ್ತು' ಎಂದು ಬರೆಯುವರು. ಎತ್ತು ದಾಟಿ ಹೋದ ಮೇಲೂ ಅಕ್ಷರ ಗೋಡೆಯಲ್ಲಿ ನಿಂತಿರುತ್ತಿತ್ತು. ಉಳಿದ ಮಕ್ಕಳು ಹಾಗೆ ಕಲಿತರು. ಪೂವಮ್ಮನಿಗೆ ಮಾತ್ರ ಎತ್ತು ಹೋದಮೇಲೆ ಉಳಿಯುತ್ತಿದ್ದುದು ಇದ್ದಿಲಿನ ಗೀಟು.

ಕೆಮರಾದವರು ಮೊದಲು ಜಾಣ ಮಕ್ಕಳನ್ನೇ ಓದಿಸಿದರು. ಅವರೆಲ್ಲ ಮೂಗು ಪುಸ್ತಕಕ್ಕೆ ತಾಗಿಸಿ, ಹುಬ್ಬು ಗಂಟು ಹಾಕಿ, ಒಂದೊಂದೇ ಅಕ್ಷರ ಹೆಕ್ಕಿದರು.

"ಮುಖವೇ ಕಾಣುದಿಲ್ಲ ಮಾಷ್ಟ್ರೇ. ನೆತ್ತಿ ಮಾತ್ರ ಬರ್ತದೆ" ಎಂದ ಕೆಮರಾದವನು.

ಮಾಷ್ಟ್ರು ಕ್ಲಾಸಿನ ಮೇಲೆ ಕಣ್ಣಾಡಿಸಿದರು. ಮೂಲೆಯಲ್ಲಿ, ದೊಡ್ಡ ಕಣ್ಣುಗಳ ಪೂವಮ್ಮ ಕೂತಿದ್ದಳು. ಅವಳನ್ನು ಜಗಲಿಗೆ ಕರೆದೊಯ್ದು ಪಾಠವೊಂದನ್ನು ಬಾಯಿಪಾಠ ಮಾಡಿಸಿದರು. "ನಿನಗೆ ಪುಸ್ತಕದ ಹಂಗಿಲ್ಲ ನೋಡು, ಹಾಗಾಗಿ ನೀನೇ ಸಮ. ಮುಖ ಎತ್ತು" ಎಂದರು.

ಅವಳು ಮುಖ ಎತ್ತಿದಳು. ಆ ಮುಖ ಊರೂರು ಸುತ್ತಿತು. ಮಾಷ್ಟ್ರಿಗೆ ಶಾಲು, ಮಾನಪತ್ರ, ಬಡ್ತಿ ಬಂತು. ಸುಳ್ಯದಲ್ಲಿ, ಕಡಬದಲ್ಲಿ ಪರದೆ ಕಟ್ಟಿದಾಗಲೆಲ್ಲ ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗಿ ಪರದೆಯ ಪಕ್ಕ ನಿಲ್ಲಿಸುತ್ತಿದ್ದರು. ಬಟ್ಟೆಯ ಮೇಲಿನ ಪೂವಮ್ಮ ಓದುತ್ತಿದ್ದಳು, ಕೆಳಗಿನ ಪೂವಮ್ಮ ನೋಡುತ್ತಿದ್ದಳು.

ಒಂದು ಸಂಜೆ ಅವಳು ಶಾಲೆಯ ಹಿಂದೆ ಒಬ್ಬಳೇ ಕೂತು ಸ್ಲೇಟಿನ ಮೇಲೆ 'ಅ' ತಿದ್ದುತ್ತಿದ್ದಳು. ಮಾಷ್ಟ್ರು ಬಂದರು.

"ಎಂತ ಇದು?"

"ಮಾಷ್ಟ್ರೇ, ಇನ್ನಾದರೂ ನನಗೆ ಕಲಿಸಿ."

ಅವರು ಬೈಯಲಿಲ್ಲ. ಸ್ಲೇಟು ತೆಗೆದುಕೊಂಡು, ಶಾಲಿನ ಅಂಚಿನಿಂದ ಒರಸಿ, ಕಂಕುಳಲ್ಲಿ ಇಟ್ಟುಕೊಂಡರು. "ಓದುವ ಹುಡುಗಿ ಅಂತ ಜಿಲ್ಲೆಯೇ ನೋಡಿದ್ದು ನಿನ್ನನ್ನು. ನೀನು ಅ ಆ ತಿದ್ದುದು ಯಾರಾದ್ರೂ ಕಂಡ್ರೆ ನಾನು ಈ ಊರಲ್ಲಿ ಇರುದು ಹೇಗೆ?"

ಮತ್ತೆ ಅವಳ ಕೈಗೆ ಸ್ಲೇಟು ಸಿಗಲಿಲ್ಲ. ಪರೀಕ್ಷೆಗೆ ಕೂರಿಸದೆಯೇ ಅವರು ಅವಳನ್ನು ಐದನೆಯವರೆಗೆ ದಾಟಿಸಿದರು.

ಕಳೆದ ವರ್ಷ ಪಂಜಕ್ಕೆ ಹೋಗಿ ದುಗ್ಗಮ್ಮನ ಜಗಲಿಯಲ್ಲಿ ಕೂತು, "ಓದು ಬರಹ ಬಲ್ಲ ಹೆಣ್ಣು, ನಾನೇ ಕಲಿಸಿದ್ದು" ಎಂದವರೂ ಅವರೇ. ಎಂತದ್ದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಗದ್ದೆ ಕಳಕೊಂಡ ಮನೆ ಅದು. ಓದುವವಳೊಬ್ಬಳು ಬೇಕೆಂದು ದುಗ್ಗಮ್ಮ ಚಿನ್ನ ಕೇಳದೆ ಮಗ ತೀರ್ಥರಾಮನಿಗೆ ತಂದುಕೊಂಡಿದ್ದಳು. ಹಿರಿಸೊಸೆಗೆ ಮೂರ್ಛೆ ಬರುವುದನ್ನು ಮುಚ್ಚಿಟ್ಟರೆಂದು ಆಕೆಯನ್ನು ಉಟ್ಟ ಸೀರೆಯಲ್ಲೇ ತವರಿಗೆ ಅಟ್ಟಿದವಳು ಈ ದುಗ್ಗಮ್ಮ. ಆ ಕತೆಯನ್ನು ಪೂವಮ್ಮನಿಗೆ ಮದುವೆಯ ಮಾರನೆಯ ದಿನವೇ ಹೇಳಿದ್ದಳು.

*

"ಓದು ಮಗಳೇ, ಭಟ್ಟರು ಹೊತ್ತಾಯ್ತು ಅಂತಾರೆ" ಎಂದರು ಉದಯಶಂಕರ.

ಪೂವಮ್ಮ ಹೆಣದ ಮುಖ ನೋಡಿದಳು. ಬಾಯಿ ತೆರೆಯದಂತೆ ಗಲ್ಲಕ್ಕೆ ಬಟ್ಟೆ ಕಟ್ಟಿದ್ದರು. ಇನ್ನು ಇವರು ಏನನ್ನೂ ಹೇಳಲಾರರು, ತನ್ನ ಪರವಾಗಿಯೂ ಹೇಳಲಾರರು ಎಂದು ಅವಳಿಗೆ ಆಗ ಹೊಳೆಯಿತು. ಅವರ ಸುಳ್ಳನ್ನು ತಾನಿನ್ನು ಹೊರಬೇಕಾಗಿಲ್ಲ.

"ನನಗೆ ಓದ್ಲಿಕ್ಕೆ ಬರುದಿಲ್ಲ" ಎಂದಳು. ಜೋರಾಗಿಯೇ ಹೇಳಿದಳು.

ಅಲಿ ಕುಂಞಿ ಟೊಪ್ಪಿ ತೆಗೆದು ಕಣ್ಣು ಒರಸಿಕೊಂಡ.

"ಪಾಪ, ಗಂಟಲು ಕಟ್ಟಿತು ಅವಳಿಗೆ."

"ಗುರು ಹೋದಮೇಲೆ ಓದು ಎಲ್ಲಿಂದ ಬರ್ಬೇಕು" ಎಂದರು ಇನ್ನಾರೋ. ಹೆಂಗಸರು ಬಿಕ್ಕಿದರು.

"ಹಾಗಲ್ಲ. ನಿಜವಾಗಿ ಬರುದಿಲ್ಲ" ಎಂದಳು ಪೂವಮ್ಮ. ಅಳು ಇನ್ನೂ ಜೋರಾಯಿತು.

ಮಾಷ್ಟ್ರ ಹೆಂಡತಿ ವಸುಮತಿ ಎದ್ದು ಬಂದು ಅವಳನ್ನು ತಬ್ಬಿಕೊಂಡರು. ನೋಡುವವರಿಗೆ ಅದು ಸಂಕಟ. ಪೂವಮ್ಮನ ತೋಳಿಗೆ ಮಾತ್ರ ಉಗುರು ಇಳಿಯಿತು. "ಸತ್ತವರ ಮರ್ಯಾದೆ ತೆಗೀತೀಯಾ ಮೂಳಿ? ಅಳು. ಬಾಯಿ ಮುಚ್ಚಿ ಅಳು" ಎಂದು ಕಿವಿಯಲ್ಲಿ ಉಸುರಿದರು.

ಪೂವಮ್ಮ ಅತ್ತಳು.

ಮಾನಪತ್ರವನ್ನು ಉದಯಶಂಕರರೇ ಓದಿದರು. ಅದರಲ್ಲಿ ಅವಳ ಹೆಸರೂ ಇತ್ತು. 'ಪೂವಮ್ಮನೆಂಬ ಬಾಲಿಕೆಯ ಕಣ್ಣು ತೆರೆಸಿದ ಮಹನೀಯರು' ಎಂದಾಗ ಜನ ಅವಳತ್ತ ತಿರುಗಿ ನೋಡಿದರು. ಚಟ್ಟ ಹೊರಟಿತು. ತೀರ್ಥರಾಮನೂ ಗಂಡಸರ ಜೊತೆ ಹೋದ.

ಉಳಿದ ಹೆಂಗಸರು ಬಾವಿಕಟ್ಟೆಗೆ ಬಂದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ನೆರೆಮನೆಗಳಿಂದ ಗಂಜಿ ಬಂದಿತ್ತು. ಪಾತ್ರೆಗಳನ್ನು ತೊಳೆದು, ಕೆತ್ತಿದ ಹೆಸರು ನೋಡಿ, ಆಯಾ ಮನೆಗೆ ಮುಟ್ಟಿಸಬೇಕಿತ್ತು.

ದುಗ್ಗಮ್ಮ ಬಂದು ಸೊಸೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಓದ್ಲಿಕ್ಕೆ ಬರುದಿಲ್ಲ ಅಂತ ನೀನು ಹೇಳುವಾಗ ನಿನ್ನ ಕಣ್ಣಲ್ಲಿ ನೀರಿರಲಿಲ್ಲ" ಎಂದಳು. "ಅಳು ಬಂದದ್ದು ಆಮೇಲೆ."

ದುಗ್ಗಮ್ಮ ಒಂದು ಹಿತ್ತಾಳೆ ತಪ್ಪಲೆ ಎತ್ತಿದಳು. "ನನಗೂ ಅಕ್ಷರ ಇಲ್ಲ. ಆದರೆ ಇದನ್ನು ತಂದವರು ಯಾರು ಅಂತ ನಾನು ನೋಡಿದ್ದೇನೆ. ನೀನು ಓದಿ ಹೇಳು."

ಪೂವಮ್ಮ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರಿನ ಮೇಲೆ ಬೆರಳಾಡಿಸಿದಳು. ಲೋಹ ಇನ್ನೂ ಬೆಚ್ಚಗಿತ್ತು. "ದೇವಮ್ಮ" ಎಂದಳು, ನೆನಪಿಗೆ ಬಂದ ಮೊದಲ ಹೆಸರು.

ಪಾತ್ರೆ ತಿಕ್ಕುತ್ತಿದ್ದ ಹೆಂಗಸೊಬ್ಬಳು ಕಿಸಕ್ಕೆಂದು, ತಕ್ಷಣ ಬಾಯಿಗೆ ಸೆರಗು ಒತ್ತಿಕೊಂಡಳು.

ದುಗ್ಗಮ್ಮ ನಗಲಿಲ್ಲ. ತಪ್ಪಲೆಯನ್ನು ಸೊಸೆಯ ಕಾಲ ಬಳಿ, ಹೆಸರು ಅವಳಿಗೆ ಕಾಣುವಂತೆ ತಿರುಗಿಸಿ ಇಟ್ಟಳು. ಅದರ ಪಕ್ಕ ಒಂದು ಚೆಂಬು. ಅದರ ಪಕ್ಕ ಬೋಗುಣಿ. "ಇದು ಯಾರದ್ದು? ಇದು?" ಎಂದಳು. ತಿಕ್ಕುವ ಸದ್ದು ನಿಂತಿತು. ಹೆಂಗಸರು ಉಳಿದ ಪಾತ್ರೆಗಳನ್ನು ಒಂದೊಂದಾಗಿ, ಮಾತಿಲ್ಲದೆ, ದುಗ್ಗಮ್ಮನ ಕೈಗೆ ದಾಟಿಸತೊಡಗಿದರು.