ನಮ್ಮವರ ಎಲೆ

ಮಾವನ ಎಲೆಗೆ ಸಾರಾಯಿ ಇಡಬಹುದು. ಅಜ್ಜಿಯ ಎಲೆಗೆ ನಶ್ಯದ ಡಬ್ಬಿ ಇಡಬಹುದು. ದೋಣಿ ಮಗುಚಿ ಸತ್ತ ಚಿಕ್ಕಮಾವನ ಎಲೆಯಲ್ಲಿ ಹುರಿದ ಬಂಗಡೆಯ ಪಕ್ಕ ಹಚ್ಚಿದ ಬೀಡಿ ಇಡಬಹುದು. ನನ್ನ ಗಂಡನ ಎಲೆಗೆ ಮಾತ್ರ ಪಾಯಸವಂತೆ, ಕಡಲೆಬೇಳೆ ಪಾಯಸ. ಬದುಕಿದ್ದ ನಲವತ್ತೊಂದು ವರ್ಷಗಳಲ್ಲಿ ಆ ಮನುಷ್ಯ ಒಂದು ಸೌಟು ಪಾಯಸ ಪೂರ್ತಿ ಉಂಡದ್ದನ್ನು ಯಾರೂ ಕಂಡಿಲ್ಲ.

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಭಾವ ಇದನ್ನು ಹೇಳಿದಾಗ ನಾನು ಮೀನಿನ ಬುಟ್ಟಿ ತೊಳೆಯುತ್ತಿದ್ದೆ. ಭಾವ ಅಂದರೆ ನಮ್ಮವರ ಅಣ್ಣ, ದುರ್ಗಪ್ಪ. ಭಟ್ಕಳದ ಹತ್ತಿರದ ಬೆಳಕೆಯಲ್ಲಿ ನಮ್ಮದು ಒಂದೇ ಮನೆ, ನಡುವೆ ಗೋಡೆ ಎಬ್ಬಿಸಿ ಎರಡು ಪಾಲು ಮಾಡಿದ್ದು. ಆ ಕಡೆ ಭಾವ ಮತ್ತು ಅವರ ಹೆಂಡತಿ ದಿವ್ಯಶ್ರೀ ಅಕ್ಕ, ಈ ಕಡೆ ನಾನು ಮತ್ತು ಅತ್ತೆ ಮಾಸ್ತಮ್ಮ. ನಡುಮನೆ ಎರಡೂ ಪಾಲಿಗೆ ಸೇರಿದ್ದು. ಹಿರಿಯರಿಗೆ ಬಡಿಸುವುದು ಅಲ್ಲೇ.

ನಮ್ಮಲ್ಲಿ ಹಿರಿಯರಿಗೆ ಬಡಿಸುವ ದಿನ ಸತ್ತವರ ಹೆಸರಿಗೆ ಒಂದೊಂದು ಎಲೆ ಹಾಕುತ್ತಾರೆ. ಯಾರಿಗೆ ಯಾವುದು ಇಷ್ಟವಿತ್ತೋ ಅವರ ಎಲೆಗೆ ಅದು. ಮನೆಯ ಹಿರಿ ಮಗ ಬಡಿಸಿ, ಕೈಮುಗಿದು, ಕಡೆಗೆ ತಾನೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಅರ್ಧ ತಾಸು ಯಾರೂ ಇಣುಕಬಾರದು, ಹಿರಿಯರು ಬಂದು ಉಣ್ಣುವ ಹೊತ್ತು ಅದು. ಆಮೇಲೆ ಎಲೆಯ ಮೇಲಿದ್ದದ್ದನ್ನು ಬಂದವರೆಲ್ಲ ಪ್ರಸಾದದ ಹಾಗೆ ಹಂಚಿಕೊಂಡು ತಿನ್ನುತ್ತಾರೆ. ಭಾವನ ತಲೆಬಿಸಿ ಶುರುವಾಗಿದ್ದು ಈ ಹಂಚುವ ಸಂಗತಿಯಿಂದ.

"ಸಮಿತಿಯ ವೆಂಕಟ ಬತ್ತಾನೆ. ಕುಮಟಾದಿಂದ ವಿಶಾಲನ ಮನೆಯವರೂ ಬತ್ರು," ಎಂದರು. ವಿಶಾಲ ಇವರ ತಂಗಿ. "ನಿತ್ಯನ ಎಲೆಗೆ ಅದನ್ನ ಇಡೂಕಾಗೂದಿಲ್ಲ. ಪಾಯಸ, ವಡೆ, ಒಂದು ಬಂಗಡೆ. ಸಾಕು."

ನಿತ್ಯ ಅಂದರೆ ನಮ್ಮವರು, ನಿತ್ಯಾನಂದ. ಅದು ಅಂದರೆ ಬೀಫು. ಬೀಫು ಮತ್ತು ಆಲೂಗಡ್ಡೆ. ಭಾವನ ಬಾಯಿಗೆ ಈಗ ಆ ಹೆಸರು ಬರುವುದಿಲ್ಲ. ಮಾಸ್ತಿ ಗುಡಿಯ ಜೀರ್ಣೋದ್ಧಾರ ಸಮಿತಿಗೆ ಅಧ್ಯಕ್ಷರಾದ ಮೇಲೆ ನಾಲಿಗೆ ಬಹಳ ಮಡಿಯಾಗಿದೆ.

ನಾನು ಬುಟ್ಟಿ ಕೆಳಗಿಟ್ಟೆ. "ಮೂರು ತಟ್ಟೆ ಉಂಡವರು ಯಾರು ಭಾವ? ನಾನಾ?"

ನಮ್ಮವರು ದುಬೈಯ ಒಂದು ಕ್ಯಾಂಟೀನಿನಲ್ಲಿ ಒಂಬತ್ತು ವರ್ಷ ಅಡುಗೆ ಮಾಡಿದವರು. ರಜೆಗೆ ಬರುವಾಗ ಎಲ್ಲರೂ ಸೆಂಟು, ಕಂಬಳಿ ತಂದರೆ ಇವರು ಕಂಬಳಿಯೊಳಗೆ ಸುತ್ತಿ ಸ್ಲೋ ಕುಕ್ಕರ್ ತಂದರು, ಕರೆಂಟಿನಲ್ಲಿ ತಾಸುಗಟ್ಟಲೆ ಮೆಲ್ಲಗೆ ಬೇಯಿಸುವಂಥದ್ದು. ಹೊರಗೆ ಸ್ಟೀಲು, ಒಳಗೆ ಕಪ್ಪು ಪಿಂಗಾಣಿಯ ಭಾರದ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ಅತ್ತೆ ಅದಕ್ಕೆ ದುಬೈ ಮಡಕೆ ಎಂದು ಹೆಸರಿಟ್ಟರು. ನಮ್ಮಿಬ್ಬರನ್ನು ಬಿಟ್ಟು ಮನೆಯವರೆಲ್ಲ ಹೊನ್ನಾವರದ ಮದುವೆಗೆ ಹೋಗಿದ್ದ ದಿನ ಇವರು ಮೊದಲ ಸಲ ಅದರಲ್ಲಿ ಬೀಫು ಬೇಯಿಸಿದರು. ಜ್ವರ ಅಂತ ಮದುವೆ ತಪ್ಪಿಸಿಕೊಂಡಿದ್ದ ಭಾವ ವಾಸನೆ ಹಿಡಿದು ಬಂದು ಕೂತರು. ಒಂದು ತಟ್ಟೆ ಮುಗಿದ ಮೇಲೆ "ಎಂತನೋ ಇದು?" ಎಂದು ಕೇಳಿದರು. ಇವರು ಮುಚ್ಚಿಡಲಿಲ್ಲ, ಇಂಥದ್ದೇ ಎಂದು ಹೇಳಿದರು. ಭಾವನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ತಟ್ಟೆ ಮುಂದೆ ಮಾಡಿದರು. ಅಲ್ಲಿಂದ ಮುಂದೆ ಇವರು ಪ್ರತಿ ಸಲ ಊರಿಗೆ ಬಂದಾಗಲೂ ಭಾವನದು ಒಂದೇ ವಿಚಾರಣೆ, ದುಬೈ ಮಡಕೆ ಯಾವಾಗ ಇಳಿಸ್ತೆ ಎಂದು.

ಇದಿಷ್ಟೇ ಆಗಿದ್ದರೆ ನಾನು ಪಾಯಸಕ್ಕೂ ಒಪ್ಪುತ್ತಿದ್ದೆನೋ ಏನೋ. ಆದರೆ ಹೋದ ವರ್ಷ ಆಗಸ್ಟಿನಲ್ಲಿ, ದುಬೈ ಬಿಟ್ಟು ಅಣ್ಣನ ಬೋಟಿಗೇ ಹೋಗತೊಡಗಿದ್ದ ಇವರು, ಬೆಳಿಗ್ಗೆ ಹತ್ತಕ್ಕೆ ಆ ಪಾತ್ರೆಗೆ ಎಲ್ಲ ತುಂಬಿ, ಸ್ವಿಚ್ ಹಾಕಿ, "ಸಂಜೆಗೆ ಅಣ್ಣನಿಗೂ ಹೇಳಿದ್ದೆ, ಮುಚ್ಚಳ ತೆಗೀಬೇಡ" ಎಂದು ಹೇಳಿ ಬೋಟಿಗೆ ಬಲೆ ಹತ್ತಿಸಲು ಜೆಟ್ಟಿಗೆ ಹೋದರು. ಮೂರು ಗಂಟೆಗೆ ಅಲ್ಲೇ ಎದೆ ಹಿಡಿದು ಬಿದ್ದರು. ಆಸ್ಪತ್ರೆಗೆ ಮುಟ್ಟುವ ಮೊದಲೇ ಮುಗಿದಿತ್ತು. ಹೆಣ ಅಂಗಳಕ್ಕೆ ಬಂದಾಗ ಅಡುಗೆಮನೆಯಲ್ಲಿ ಆ ಮಡಕೆ ಇನ್ನೂ ಬೇಯುತ್ತಿತ್ತು. ಮಾರನೇ ದಿನ ನಾನೇ ಅದನ್ನು ತೆಂಗಿನ ಬುಡಕ್ಕೆ ಸುರಿದೆ. ತಾನೇ ಇಟ್ಟ ಅಡುಗೆಯನ್ನು ತಾನು ಉಣ್ಣದೆ ಹೋದ ಮನುಷ್ಯ ಅವರು. ವರ್ಷ ತುಂಬಿದ ಮೇಲೆ ಇದು ಅವರಿಗೆ ಹಾಕುವ ಮೊದಲ ಎಲೆ. ಅದಕ್ಕೆ ಪಾಯಸ ಬಡಿಸಿ ಕೈಮುಗಿಯಿರಿ ಎಂದರೆ ನನಗೆ ಮೈಯೆಲ್ಲ ಉರಿಯದೆ ಇನ್ನೇನು?

"ನಾನು ಮಾಡೂದೇ," ಎಂದೆ.

"ಊರಿನವ್ರ ಎದುರು ನನ್ನ ಮರ್ಯಾದೆ ತೆಗೀತೆಯನೇ?"

"ಮರ್ಯಾದೆ ತಟ್ಟೆ ಮುಂದೆ ಮಾಡುವಾಗ ಎಲ್ಲಿತ್ತು?"

ಅವರು ಬಾಗಿಲು ಬಡಿದುಕೊಂಡು ಹೋದರು. ಗೋಡೆಯ ಆಚೆಯಿಂದ ದಿವ್ಯಶ್ರೀ ಅಕ್ಕನ ಪಿಸುಮಾತು ಬಹಳ ಹೊತ್ತು ಕೇಳಿಸಿತು. ಅತ್ತೆ ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು, ತಲೆ ಎತ್ತಲಿಲ್ಲ.

ಮಾರನೇ ದಿನ ಬೆಳಿಗ್ಗೆ ಬಂದರಿನಿಂದ ನೇರ ಭಟ್ಕಳಕ್ಕೆ ಹೋದೆ. ಹನ್ನೆರಡು ವರ್ಷದಿಂದ ನಾನು ಮೀನು ಕೊಡುವ ಮನೆ ಸಬೀಹಾ ಆಪಾರದು. ವಿಷಯ ಹೇಳಿದೆ. "ಜಗಳ ಆಗ್ತದೆ ನೋಡು ಅರ್ಚನಾ," ಎಂದರು. ಆಗಿದೆ ಎಂದೆ. ಅವರೇ ಮಗನನ್ನು ಕಳಿಸಿ ತರಿಸಿಕೊಟ್ಟರು. "ಈಗ ಸಿಗೋದು ಮುದಿ ಎಮ್ಮೆದು. ಕಾಲಿನ ಮಾಂಸ ಹಾಕಿಸಿದ್ದೇನೆ. ಒಲೆ ಮೇಲೆ ಇಟ್ರೆ ಚಪ್ಪಲಿ ಆಗ್ತದೆ, ನಿತ್ಯಾನಂದನ ಮಡಕೆಗೆ ಸರಿ."

ಹತ್ತು ಗಂಟೆಗೆ ಶುರು ಮಾಡಿದೆ. ಬಾಣಲೆಯಲ್ಲಿ ತುಂಡುಗಳನ್ನು ಕಂದು ಬಣ್ಣ ಬರುವಷ್ಟು ಹುರಿದು ತೆಗೆದೆ, ಅದೇ ಎಣ್ಣೆಗೆ ಈರುಳ್ಳಿ, ಬೆಳ್ಳುಳ್ಳಿ, ಜಜ್ಜಿದ ಕಾಳುಮೆಣಸು. ಆಲೂಗಡ್ಡೆ ದೊಡ್ಡ ಹೋಳು, ಪಾತ್ರೆಯ ಅಡಿಗೆ. ಇದು ಇವರು ಕಲಿಸಿದ್ದು. ಈ ಮಡಕೆಯಲ್ಲಿ ಮಾಂಸಕ್ಕಿಂತ ಆಲೂಗಡ್ಡೆಯೇ ತಡವಾಗಿ ಬೇಯುತ್ತದೆ, ಬಿಸಿ ಇರುವುದು ಅಡಿಯಲ್ಲಿ ಮತ್ತು ಅಂಚಿನಲ್ಲಿ. ಮೇಲೆ ಮಾಂಸ, ಒಂದು ಲೋಟ ನೀರು, ಉಪ್ಪು. ದುಬೈಯ ಚೌಕ ಪಿನ್ನಿಗೆ ಕನ್ವರ್ಟರ್ ಸಿಕ್ಕಿಸಿ ಗುಂಡಿಯನ್ನು ಸಣ್ಣದಕ್ಕೆ ತಿರುಗಿಸಿದೆ. ಎಂಟು ತಾಸು. ನಡುವೆ ಮುಚ್ಚಳ ತೆಗೆದರೆ ಪ್ರತಿ ಸಲಕ್ಕೂ ಅರ್ಧ ತಾಸು ಹೆಚ್ಚು. ಕರೆಂಟು ಹೋಗದಿದ್ದರೆ ಸಾಕಿತ್ತು.

ಕರೆಂಟು ಹೋಗಲಿಲ್ಲ, ಭಾವ ಬಂದರು. ಮಧ್ಯಾಹ್ನ ಒಂದು ಗಂಟೆ. ಸೀದಾ ಅಡುಗೆಮನೆಗೆ ನುಗ್ಗಿ ಪಿನ್ನು ಕಿತ್ತರು, ಮುಚ್ಚಳ ಎತ್ತಿದರು. ಹಬೆ ಮುಖಕ್ಕೆ ಬಡಿಯಿತು. ಅವರು ಒಂದು ಕ್ಷಣ ಹಾಗೇ ನಿಂತರು, ಮುಚ್ಚಳ ಕೈಯಲ್ಲೇ.

"ಇಡಿ ಕೆಳಗೆ!" ನಾನು ಕೂಗಿದ್ದು ರಸ್ತೆಗೆ ಕೇಳಿಸಿರಬೇಕು. "ಅರ್ಧ ತಾಸು ಹಾಳು ಮಾಡಿದ್ರಿ. ಹಿಂದೆಯೂ ನೀವು ಹಿಂಗೇ, ಅವ್ರು ಬೈತಿದ್ರು. ಇಡಿ!"

"ಇದನ್ನ ಹೊಳೆಗೆ ಹಾಕ್ತೆ ನೋಡು."

"ಹಾಕಿ. ನಾನು ನಾಳೆ ಮತ್ತೆ ಮಾಡ್ತೆ. ನಾಡಿದ್ದು ಮತ್ತೆ ಮಾಡ್ತೆ. ಸಮಿತಿಯ ಸಭೆಗೇ ತಂದು ಇಡ್ತೆ."

ಅತ್ತೆ ಬಾಗಿಲಿಗೆ ಬಂದು ನಿಂತಿದ್ದು ಆಗಲೇ. "ದುರ್ಗಾ, ನಿತ್ಯ ಸಿಹಿ ತಿಂತಿದ್ನನೋ?" ಎಂದು ಕೇಳಿದರು, ಅಷ್ಟೇ.

ಭಾವ ಮುಚ್ಚಳ ಇಟ್ಟರು. ನನಗೆ ಕೇಳುವಷ್ಟೇ ದನಿಯಲ್ಲಿ ಹೇಳಿದರು: "ಆತು, ಇಡು. ಯಾರಾದ್ರೂ ಕೇಳಿದ್ರೆ ಮಟನ್ ಅನ್ನು."

"ಸುಳ್ಳು ಹೇಳಿ ಯಾರಿಗೂ ತಿನ್ನಿಸೂದಿಲ್ಲ ನಾನು. ಕೇಳಿದವರಿಗೆ ಇದ್ದದ್ದೇ ಹೇಳ್ತೆ."

ಅವರು ಹೋದರು. ನಾನು ಪಿನ್ನು ಮತ್ತೆ ಸಿಕ್ಕಿಸಿದೆ. ತಿನ್ನುವುದಾದರೆ ಬಾಯಿ ಅಗಲ, ಹೇಳುವುದಾದರೆ ಬಾಯಿಗೆ ಬೀಗ. ಇಂಥವರಿಗೆ ಗುಡಿಯಲ್ಲಿ ಶಾಲು ಹೊದಿಸುತ್ತಾರೆ. ಸಂಜೆಯವರೆಗೂ ನಾನು ಪಾತ್ರೆಗಳನ್ನು ಬಡಿದು ಬಡಿದೇ ಕೆಲಸ ಮಾಡಿದೆ.

ಏಳು ಗಂಟೆಗೆ ಎಲ್ಲರೂ ಬಂದಿದ್ದರು. ಹಾಳಾದ ಅರ್ಧ ತಾಸನ್ನೂ ಸೇರಿಸಿಯೇ ಬೇಯಿಸಿದ್ದೆ. ನಡುಮನೆಯಲ್ಲಿ ನಾಲ್ಕು ಎಲೆ. ಇವರ ಎಲೆಯ ಮುಂದೆ ಹೊಸ ಲುಂಗಿ, ಒಂದು ಶರ್ಟು. ಅನ್ನ, ಬಂಗಡೆ, ದಿವ್ಯಶ್ರೀ ಅಕ್ಕ ಹಟಕ್ಕೆ ಇಟ್ಟ ಪಾಯಸ. ನಡುವೆ ಸ್ಟೀಲಿನ ಬಟ್ಟಲಿನಲ್ಲಿ ನಾನು ತಂದಿಟ್ಟ ಬೀಫು, ಆಲೂಗಡ್ಡೆ. ಭಾವ ನನ್ನತ್ತ ನೋಡಲಿಲ್ಲ. "ಎಲ್ಲ ಹೊರಗೆ ಹೋಗಿ," ಎಂದರು. ನಾವು ಅಂಗಳಕ್ಕೆ ಬಂದೆವು.

ಹಿರಿ ಮಗ ಕೈಮುಗಿದು ಹೊರಗೆ ಬರಲು ಎರಡು ನಿಮಿಷ ಸಾಕು. ಐದು ನಿಮಿಷವಾಯಿತು. ಹತ್ತಾಯಿತು. ವೆಂಕಟ ಮೊಬೈಲ್ ನೋಡುತ್ತಿದ್ದ, ವಿಶಾಲ ಅತ್ತೆಯ ಕಾಲು ಒತ್ತುತ್ತಿದ್ದಳು. ನನಗೆ ಮಾತ್ರ ಗೊತ್ತಾಗಿಹೋಯಿತು. ಚೆಲ್ಲುತ್ತಿದ್ದಾರೆ. ಹಿತ್ತಲ ಕಿಟಕಿಯಿಂದ ಬಟ್ಟಲು ಖಾಲಿ ಮಾಡಿ ಬಂದು ಏನೂ ಆಗದವರ ಹಾಗೆ ಬಾಗಿಲು ಎಳೆದುಕೊಳ್ಳುತ್ತಾರೆ. ರಕ್ತ ತಲೆಗೇರಿತು. ನೀರು ತರುವ ನೆಪದಲ್ಲಿ ಎದ್ದು ಬಾವಿಯ ಕಡೆಯಿಂದ ಹಿತ್ತಲಿಗೆ ಹೋದೆ. ಕಿಟಕಿಯ ಕೆಳಗೆ ಏನೂ ಬಿದ್ದಿರಲಿಲ್ಲ. ಇಣುಕಬಾರದು ಎಂದು ಗೊತ್ತಿತ್ತು. ಇಣುಕಿದೆ.

ಭಾವ ತಮ್ಮನ ಎಲೆಯ ಎದುರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಬಟ್ಟಲು ತೊಡೆಯ ಮೇಲಿತ್ತು. ತುಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಎಡಗೈಯಿಂದ ಕಣ್ಣು ಒರೆಸುತ್ತಿದ್ದರು, ಮತ್ತೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. "ಅವತ್ತು ಸಂಜೆ ಬತ್ತೆ ಅಂದಿದ್ದೆ ಅಲ್ದನೋ," ಎಂದು ಖಾಲಿ ಮಣೆಗೆ ಹೇಳಿದರು. "ಬಂದೆ ನೋಡು."

ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ಅದರ ಹಿಂದೆಯೇ ಸಿಟ್ಟೂ ಬಂತು, ಮೊದಲಿನದಕ್ಕಿಂತ ಜೋರಾಗಿ. ಇಷ್ಟು ಇದ್ದರೆ ಎರಡು ದಿನ ನನ್ನನ್ನು ಯಾಕೆ ಬೇಯಿಸಿದರು? ಕದ್ದು ಅಳುವವರು ಎದುರಿಗೆ ಬೈಯುವುದೇಕೆ? ಕೊಡ ತುಂಬಿಸದೆಯೇ ಅಂಗಳಕ್ಕೆ ಮರಳಿದೆ.

ಭಾವ ಬಂದು ಬಾಗಿಲು ಎಳೆದುಕೊಂಡರು, ಜಗಲಿಯಲ್ಲಿ ಕೂತರು. ಅರ್ಧ ತಾಸು ಕಳೆದು ಬಾಗಿಲು ತೆಗೆದಾಗ ಮೊದಲು ಒಳಗೆ ಹೋದವನು ವೆಂಕಟ.

"ಬಂದಿದ್ದ! ನಿತ್ಯಾನಂದ ಬಂದಿದ್ದ!" ಎಂದು ಕೂಗಿದ. "ನೋಡಿ, ಬಟ್ಟಲು ಖಾಲಿ. ಪಾಯಸ ಮುಟ್ಟಲೇ ಇಲ್ಲ!" ವಿಶಾಲ ಗೊಳೋ ಎಂದು ಅತ್ತಳು. ಎಲ್ಲರೂ ಕೈಮುಗಿದರು. ಭಾವನೂ ಮುಗಿದರು.

"ಇದರಲ್ಲಿ ಎಂತ ಇತ್ತು?" ವೆಂಕಟ ನನ್ನನ್ನು ಕೇಳಿದ.

ಭಾವ ಆಗ ನನ್ನತ್ತ ನೋಡಿದರು, ಆ ಸಂಜೆ ಮೊದಲ ಸಲ. ಬೇಡುವ ನೋಟ. ನಾನು ಹೇಳಿಬಿಡಬಹುದಿತ್ತು. ಹೇಳಲಿಲ್ಲ. "ಬಡಿಸಿದವರು ಭಾವ. ಅವರನ್ನೇ ಕೇಳಿ," ಎಂದೆ.

"ಮಟನ್," ಎಂದರು ಭಾವ.

ಅತ್ತೆ ಗೋಡೆ ಹಿಡಿದು ಎದ್ದು ಬಂದರು. "ದುರ್ಗಾ, ಕೈ ತಾ ಇಲ್ಲಿ." ಐವತ್ತು ವರ್ಷದ ತಾಂಡೇಲ, ಇಪ್ಪತ್ತೈದು ಜನರ ಬೋಟು ನಡೆಸುವವರು, ಶಾಲೆಯ ಹುಡುಗನ ಹಾಗೆ ಕೈ ಚಾಚಿದರು. ಅತ್ತೆ ಮೂಸಿದರು. "ಸಾಬೂನು ಹಾಕಿ ತೊಳೂಕಾಗ್ಲಿಲ್ವಾ?" ಎಂದರು. "ಇನ್ನೊಂದ್ಸಲ ಹೇಳು. ನಿನ್ನ ತಮ್ಮನ ಎಲೆ ಎದುರು ನಿಂತು ಹೇಳು."

ನಾನು ಅಡುಗೆಮನೆಗೆ ಹೋಗಿ ದುಬೈ ಮಡಕೆಯನ್ನೇ ಎತ್ತಿ ತಂದೆ. ಭಾರಕ್ಕೆ ಕೈ ಸೋತಿತ್ತು, ಆದರೂ ತಂದು ನಡುಮನೆಯಲ್ಲಿ ಎಲ್ಲರ ಎದುರು ಇಟ್ಟೆ. "ಇನ್ನೂ ಇತ್ತು ಭಾವ," ಎಂದೆ. "ಬೇಕಾದ್ರೆ ಇಲ್ಲಿ ಕೂತು ಉಣ್ಣಿ. ಬಾಗಿಲು ಹಾಕೂದಿಲ್ಲ ನಾನು."

ಭಾವ ಮಡಕೆ ನೋಡಿದರು, ಲುಂಗಿ ಶರ್ಟು ನೋಡಿದರು, ತಾಯಿಯ ಮುಖ ನೋಡಿದರು.

"ಬೀಫು," ಎಂದರು. "ನಿತ್ಯಂಗೆ ಅದೇ ಬೇಕಿತ್ತು. ಉಂಡದ್ದು ನಾನು."

ವೆಂಕಟ ಚಪ್ಪಲಿ ಮೆಟ್ಟಿಕೊಂಡು ಮಾತಿಲ್ಲದೆ ಅಂಗಳ ದಾಟಿದ. ನಾಳೆ ಸಮಿತಿಗೆ ಬೇರೆ ಅಧ್ಯಕ್ಷ ಬರುತ್ತಾನೆಂದು ಎಲ್ಲರಿಗೂ ತಿಳಿಯಿತು. ಭಾವ ಅವನನ್ನು ಕರೆಯಲಿಲ್ಲ. ಹಂಚಲು ಇಟ್ಟಿದ್ದ ತಟ್ಟೆಯೊಂದನ್ನು ಎಳೆದುಕೊಂಡು ನೆಲಕ್ಕೆ ಕೂತರು. ಹಿಂದೆ ಒಂದು ದಿನ ಮಾಡಿದ ಹಾಗೆಯೇ ತಟ್ಟೆ ಮುಂದೆ ಮಾಡಿದರು.

ನನ್ನ ಸಿಟ್ಟು ಇಳಿದಿರಲಿಲ್ಲ, ಈಗಲೂ ಇಳಿದಿಲ್ಲ. ಆದರೆ ತಟ್ಟೆ ಮುಂದೆ ಮಾಡಿದವರಿಗೆ ಬಡಿಸಲೇಬೇಕು. ಆಲೂಗಡ್ಡೆ ಅಡಿಯಲ್ಲಿತ್ತು. ಸೌಟನ್ನು ಆಳಕ್ಕೆ ಇಳಿಸಿ ತೆಗೆದೆ.