ಕೊಕ್ಕೆಯ ಕಡೆಯ ಮೊಂಡು

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಸೊಸೆ ನೆಲದ ಮೇಲೆ ಕೂತು, ಇಸ್ತ್ರಿ ಅಕ್ಕನ ಪಾದದ ಸುತ್ತ ಕಾಗದದ ಮೇಲೆ ಪೆನ್ಸಿಲ್ ಎಳೆಯುತ್ತಿದ್ದಳು. ಅಲ್ಲಿ ದಿನವಿಡೀ ನೆಲದ ಮೇಲೆ ಬಿಸಿನೀರು ಹರಿಯುತ್ತದೆ. ಬೇರೆ ಯಾವ ಚಪ್ಪಲಿಯೂ ಬಾಳದೆ, ಕೆಲಸದ ಹೆಂಗಸರೆಲ್ಲ ದಪ್ಪ ಮರದ ಅಟ್ಟೆಯ ಜೋಡನ್ನೇ ಮೆಟ್ಟುತ್ತಾರೆ. ಅಟ್ಟೆ ಕೆತ್ತುವುದು ಅವಳ ಮಾವ, ಮೇಲಿನ ಚರ್ಮ ಹೊಲಿಯುವುದು ಅವಳು.

"ಕಾಲು ಅಲುಗಿಸಬೇಡಿ ಅಕ್ಕ. ಆಮೇಲೆ ಒಂದು ಕಾಲಿಗೆ ದೋಣಿ, ಇನ್ನೊಂದಕ್ಕೆ ತೊಟ್ಟಿಲು ಬಂದೀತು."

"ಕಚಗುಳಿ ಆಗುತ್ತೆ ಕಣೇ. ಅಳತೆಗೆ ನಿಮ್ಮ ಮಾವನೇ ಬರ್ತಿದ್ರಲ್ಲ, ಈಗ್ಯಾಕೆ ಪತ್ತೇನೇ ಇಲ್ಲ?"

"ಬಸ್ಸಿನ ಧೂಳು ಆಗಲ್ವಂತೆ."

ಅಕ್ಕ ನಗುತ್ತಲೇ ಪಕ್ಕದ ಮೇಜಿನ ಮೇಲೆ ಸೋಪಿನ ಗಟ್ಟಿ ಕತ್ತರಿಸತೊಡಗಿದಳು. ಚೂರಿ ಉದ್ದನೆಯದು. ಅವಳ ತೋರುಬೆರಳು ಹಿಡಿಯನ್ನು ದಾಟಿ, ಸೀದಾ ಅಲಗಿನ ಬಾಯಿಯ ಮೇಲೇ ಕೂತಿತ್ತು. ಮಾತು ಮಾತ್ರ ಎದುರು ಬಟ್ಟೆ ಮಡಿಸುತ್ತಿದ್ದ ಹುಡುಗಿಯೊಂದಿಗೆ.

"ಅಕ್ಕ, ಬೆರಳು..."

"ಅಲ್ಲಿ ಮೊಂಡು ಕಣೇ. ಬೇಕು ಅಂತಲೇ ಉಜ್ಜಿ ಮೊಂಡು ಮಾಡಿಟ್ಕೊಂಡಿದೀನಿ. ಬೆರಳು ಅಲ್ಲಿದ್ರೆ ಅಲಗು ಎಲ್ಲಿದೆ ಅಂತ ನೋಡೋದೇ ಬೇಕಾಗಿಲ್ಲ."

ಸೊಸೆಯ ಪೆನ್ಸಿಲ್ ಕೈಜಾರಿ ಬಿತ್ತು.

ಮಾವನ ಕತ್ತಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ತೋಳುದ್ದದ ಬಾಗಿದ ಕತ್ತಿ. ಒಂದು ತುದಿಯಲ್ಲಿ ಕೊಕ್ಕೆ, ಅದು ಮೇಜಿಗೆ ಬಡಿದ ಕಬ್ಬಿಣದ ಬಳೆಗೆ ಸಿಕ್ಕಿಕೊಂಡಿರುತ್ತದೆ. ಇನ್ನೊಂದು ತುದಿಯ ಮರದ ಹಿಡಿಯನ್ನು ಬಲಗೈಯಲ್ಲಿ ಒತ್ತಿದರೆ ಅಲಗು ಬಾಗಿಲಿನಂತೆ ತಿರುಗಿ ಇಳಿಯುತ್ತದೆ. ಎಡಗೈ ಮರದ ತುಂಡನ್ನು ಅದರ ಕೆಳಗೆ ಹೊರಳಿಸುತ್ತಾ ಹೋಗುತ್ತದೆ. ಒಂದೊಂದು ಒತ್ತಿಗೂ ಹಸಿಮರ ಬೆಣ್ಣೆಯಂತೆ ಸುರುಳಿ ಸುರುಳಿಯಾಗಿ ಎದ್ದು ಬೀಳುತ್ತದೆ. ಕೊಕ್ಕೆಯ ಹತ್ತಿರ ಮೂರು ಬೆರಳಗಲ ಮಾತ್ರ ಅಲಗು ಮೊಂಡಾಗಿತ್ತು. ನಿನ್ನೆ ಸಂಜೆ ಮಾವ ಮಲಗಿದ್ದಾಗ ಅವಳು ಕತ್ತಿಯನ್ನು ಬಳೆಯಿಂದ ಬಿಡಿಸಿ, ಸಾಣೆಕಲ್ಲಿಗೆ ನೀರು ಹಾಕಿ ಮಸೆದಿದ್ದಳು. ಪಾಪ, ವಯಸ್ಸಾದವರು, ಆ ಮೂಲೆಗೆ ಕೈ ಎಟುಕುವುದಿಲ್ಲವೇನೋ ಎಂದು ಅಲ್ಲಿ ಇನ್ನೂ ಹೆಚ್ಚು ಹೊತ್ತು ಉಜ್ಜಿದ್ದಳು. ಕೂದಲು ಸೀಳುವಷ್ಟು ಹರಿತ ಬಂದಾಗ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದಳು.

ಈಗ ಒಂದೊಂದೇ ನೆನಪಾಯಿತು. ಒತ್ತುವ ಮುಂಚೆ ಪ್ರತಿ ಸಲವೂ ಮಾವನ ಎಡಗೈ ಬೆರಳುಗಳು ಆ ಮೊಂಡಿನ ಮೇಲೆ ಜಾರಿ ಬಂದು ಮರಕ್ಕಿಳಿಯುತ್ತಿದ್ದವು. ಅದನ್ನು ಅವಳು ಅಭ್ಯಾಸ ಎಂದುಕೊಂಡಿದ್ದಳು. ಅವರು ಬಸ್ಸು ಹತ್ತುವುದನ್ನು ಬಿಟ್ಟದ್ದು ಧೂಳಿಗಲ್ಲ, ಬೋರ್ಡು ಕಾಣದೆ. ಚಹಾದ ಲೋಟವನ್ನೂ ಮೊದಲು ಮೇಜು ಸವರಿ ಆಮೇಲೆ ಎತ್ತಿಕೊಳ್ಳುತ್ತಿದ್ದರು.

ಬೆಳಿಗ್ಗೆ ತಾನು ಹೊರಟಾಗ ಮಾವ, "ಮರ ಇನ್ನೂ ಸ್ವಲ್ಪ ನೆನೀಲಿ, ಆಮೇಲೆ ಕೂರ್ತೀನಿ" ಅಂದಿದ್ದರು.

ಅವಳು ಫೋನ್ ತೆಗೆದು ಮನೆಗೆ ಹಚ್ಚಿದಳು. ಒಂದು ಸಲ ರಿಂಗಾಯಿತು. ಕತ್ತಿ ಇಳಿಯುತ್ತಿರುವಾಗಲೇ ಫೋನ್ ಕಿರುಚಿ ಅವರು ಬೆಚ್ಚಿಬಿದ್ದರೆ? ಕಟ್ ಮಾಡಿದಳು. ಮಾಡದಿದ್ದರೆ ಎಚ್ಚರಿಸುವವರು ಯಾರು? ಮತ್ತೆ ಹಚ್ಚಿದಳು, ಮತ್ತೆ ಕಟ್ ಮಾಡಿದಳು.

ಇಸ್ತ್ರಿ ಅಕ್ಕ ಏನು, ಎತ್ತ ಎಂದು ಕೇಳಲಿಲ್ಲ. ಬಿದ್ದಿದ್ದ ಪೆನ್ಸಿಲನ್ನೂ ಕಾಗದವನ್ನೂ ಅವಳ ಚೀಲಕ್ಕೆ ತುರುಕಿ, ಕಿಟಕಿಯಿಂದ ಕೂಗಿದಳು. "ಏಯ್ ಡ್ರೈವರಣ್ಣ, ನಿಲ್ಲು. ಇವಳನ್ನ ಮನೆಗೆ ಬಿಟ್ಟು ಹೋಗು."

ಬಟ್ಟೆಗಂಟುಗಳ ಗಾಡಿ. ದಾರಿಯಲ್ಲಿ ಒಂದು ಹೋಟೆಲು, ಒಂದು ಆಸ್ಪತ್ರೆಗೆ ಗಂಟು ಇಳಿಸಬೇಕಿತ್ತು. ಹೋಟೆಲಿನ ಮುಂದೆ ಡ್ರೈವರಣ್ಣ ಗಾಡಿ ನಿಧಾನ ಮಾಡಿದ. ಪಕ್ಕದಲ್ಲಿದ್ದವಳ ಮುಖ ನೋಡಿ ಮತ್ತೆ ವೇಗ ಹೆಚ್ಚಿಸಿದ.

"ಕಾಯ್ಲಿ ಬಿಡಿ. ಇವತ್ತೊಂದು ದಿನ ಟವೆಲ್ ಇಲ್ದೆ ಗಿರಾಕಿಗಳು ಅಂಗಿ ತೋಳಿಗೇ ಬಾಯಿ ಒರೆಸ್ಕೊಂಡ್ರೆ ಆಕಾಶ ಬೀಳಲ್ಲ" ಅಂದ. ಆಸ್ಪತ್ರೆಯ ಗೇಟೂ ಹಿಂದೆ ಉಳಿಯಿತು.

ಓಣಿಯ ತಿರುವಿನಲ್ಲಿ ಇಳಿದಳು. ಕೆಲಸ ನಡೆಯುತ್ತಿದ್ದರೆ ಅಲ್ಲಿಯವರೆಗೂ ಕತ್ತಿಯ 'ಸರ್‌, ಟಕ್‌' ಕೇಳಿಸುತ್ತದೆ. ಈಗ ಏನೂ ಇಲ್ಲ. ಇನ್ನೂ ಶುರುವಾಗಿಲ್ಲವೋ, ಶುರುವಾಗಿ ನಿಂತಿದೆಯೋ? ಜೀವ ಕೈಯಲ್ಲಿ ಹಿಡಿದು ಓಡಿದಳು.

ಮಾವ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದರು. ಕಾಲಬಳಿ ಹೊಸ ಸುರುಳಿಗಳು ಬಿದ್ದಿದ್ದವು. ಕತ್ತಿಯ ಕೊಕ್ಕೆಯ ಬದಿಗೆ ಚರ್ಮದ ಪಟ್ಟಿ ಸುತ್ತಿತ್ತು. ಮೇಜಿನ ಆ ಮೂಲೆ ಮಾತ್ರ ಒದ್ದೆ. ಯಾರೋ ಈಗಷ್ಟೇ ಒರೆಸಿದಂತಿತ್ತು. ಅವರ ಎಡಗೈ ಕೋಟಿನ ಜೇಬಿನಲ್ಲಿತ್ತು.

"ಬಂತು ನಮ್ಮ ಗಡಿಬಿಡಿ" ಅಂದರು. "ಬಸ್ಸಲ್ಲಿ ಬಂದ್ಯೋ, ಬಸ್ಸನ್ನೇ ತಳ್ಕೊಂಡು ಬಂದ್ಯೋ?"

"ಕೈ ತೋರಿಸಿ ಮಾವ."

ಬಲಗೈ ಚಾಚಿದರು.

"ಇನ್ನೊಂದು."

"ಅದೂ ಇದರ ಹಾಗೇ ಇದೆ ಕಣಮ್ಮ. ಐದೇ ಬೆರಳು."

ಅವಳೇ ಜೇಬಿನಿಂದ ಕೈ ಎಳೆದಳು. ತೋರುಬೆರಳಿಗೆ ಸುತ್ತಿದ್ದ ಬಟ್ಟೆ ಕೆಂಪಾಗಿತ್ತು. ಬಿಚ್ಚಿ ನೋಡಿದಳು. ಬರೀ ಚರ್ಮ ಹರಿದಿತ್ತು. ಕತ್ತಿ ಒತ್ತುವ ಮುಂಚೆ, ಸವರುವಾಗಲೇ ತಗುಲಿದ್ದು. ಅವಳು ಅಲ್ಲೇ ಸುರುಳಿಗಳ ಮೇಲೆ ಕೂತಳು.

"ನಾನೇ ಮಾವ. ನಿನ್ನೆ ನಾನೇ ಮಸೆದೆ."

"ಗೊತ್ತು. ಚೆನ್ನಾಗಿ ಮಸೆದಿದ್ದೀಯ. ಮರದ ಸಿಬಿರು ಚುಚ್ತು ಅನ್ನೋಣ ಅಂತಿದ್ದೆ. ಅಷ್ಟರಲ್ಲಿ ನೀನು ಬಂದ್ಬಿಟ್ಟೆ."

"ಕಣ್ಣು ಎಷ್ಟು ಕಾಣುತ್ತೆ ನಿಮಗೆ?"

ಮಾವ ಕತ್ತಿಯ ಹಿಡಿಯನ್ನು ಸವರಿದರು. "ನೀನು ಅಲ್ಲಿದ್ದೀಯ ಅಂತ ಗೊತ್ತಾಗುತ್ತೆ. ಅಳ್ತಿದ್ದೀಯೋ ಇಲ್ವೋ, ಅದು ಗೊತ್ತಾಗಲ್ಲ. ಮಗನಿಗೆ ಹೇಳಬೇಡಮ್ಮ. ಹೇಳಿದ್ರೆ ನಾಳೇನೇ ಕತ್ತಿ ಅಟ್ಟಕ್ಕೆ ಏರುತ್ತೆ. ಆಮೇಲೆ ನಾನು ಈ ಸ್ಟೂಲಿನ ಮೇಲೆ ಕೂತು ಏನು ಮಾಡ್ಲಿ?"

ಅವಳು ನೀರು ತಂದಳು. ಬೆರಳು ತೊಳೆದು ಹೊಸ ಬಟ್ಟೆ ಕಟ್ಟಿದಳು. ಚರ್ಮದ ಪಟ್ಟಿ ಬಿಚ್ಚಿ ಮಡಿಸಿಟ್ಟಳು. ಅದು ಮಾವನ ಹಳೆಯ ಬೆಲ್ಟಿನ ತುಂಡು, ಗಾಯವಾದ ಮೇಲೆ ಅದನ್ನೇ ಸವರಿಕೊಂಡು ಕೆತ್ತಿದ್ದರು. ಸಾಣೆಕಲ್ಲನ್ನು ಅಲಗಿಗೆ ನೇರ ನಿಲ್ಲಿಸಿ, ಆ ಮೂರು ಬೆರಳಗಲವನ್ನು ಉಜ್ಜಿದಳು. ಹರಿತ ಮಾಡುವುದಕ್ಕಿಂತ ಕೆಡಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಆಮೇಲೆ ತನ್ನ ಬೆರಳನ್ನೇ ಅದರ ಮೇಲೆ ಎಳೆದು ನೋಡಿದಳು. ಮತ್ತೆ ಉಜ್ಜಿದಳು. ಮತ್ತೆ ಎಳೆದಳು.

"ಕತ್ತಿ ಮಸೆದು ಗಾಯ ಮಾಡಿದ್ದು ನಾನು ಅಂತ ನಾನು ಹೇಳ್ತೀನಿ" ಅಂದಳು. "ಕಣ್ಣಿನ ವಿಷಯ ನೀವೇ ಹೇಳಬೇಕು. ಇವತ್ತೇ, ಊಟಕ್ಕೆ ಮುಂಚೆ. ಡಾಕ್ಟರ ಹತ್ತಿರ ನಾನು ಕರ್ಕೊಂಡು ಹೋಗ್ತೀನಿ."

ಮಾವ ಬೆರಳಿನ ಹೊಸ ಕಟ್ಟನ್ನು ತಡವಿ ನೋಡಿದರು.

"ಊಟ ಆದ ಮೇಲೆ ಹೇಳಿದ್ರೆ ಆಗಲ್ವಾ? ಹೊಟ್ಟೆ ತುಂಬಿದ್ರೆ ಅವನು ಸ್ವಲ್ಪ ಕಡಿಮೆ ಕೂಗಾಡ್ತಾನೆ."

"ಆಯ್ತು. ಊಟ ಆದ ಮೇಲೆ."

ಅರ್ಧ ಕೆತ್ತಿದ ಅಟ್ಟೆ ಮೇಜಿನ ಮೇಲೇ ಇತ್ತು. ಅದೊಂದನ್ನು ಮುಗಿಸುತ್ತೇನೆಂದರು. ಅವಳು ಅದನ್ನು ಅವರ ಎಡಗೈಗೆ ಕೊಟ್ಟಳು. ತನ್ನ ಹೊಲಿಗೆಯ ಮಣೆಯನ್ನು ಮೇಜಿನ ಪಕ್ಕಕ್ಕೇ ಎಳೆದುಕೊಂಡು ಕೂತಳು. ಮಾವನ ಬೆರಳುಗಳು ಮೊಂಡನ್ನು ಹುಡುಕಿಕೊಂಡು ಹೋದವು, ಸಿಕ್ಕಿತು, ಮರಕ್ಕಿಳಿದವು. ಪ್ರತಿ ಸಲ ಕತ್ತಿ ಇಳಿಯುವಾಗಲೂ ಅವಳ ಸೂಜಿ ಚರ್ಮದ ಅರ್ಧಕ್ಕೇ ನಿಲ್ಲುತ್ತಿತ್ತು. ಸುರುಳಿ ನೆಲಕ್ಕೆ ಬಿದ್ದ ಮೇಲೆಯೇ ಉಳಿದರ್ಧ ದಾಟುತ್ತಿತ್ತು.