ನೇರಳೆ ಹರಳಿಗೆ ಹೆಸರು

ಕೆಂಪು, ಅಲ್ಲ, ಕಿತ್ತಳೆ, ಕೆಂಡದ ಮೇಲೆ ತೆಳ್ಳಗೆ ಬೂದಿ ಕೂತ ಹಾಗೆ — ನೇರಳಾತೀತ ದೀಪದ ಕೆಳಗೆ ಹರಳು ಹೀಗೆ ಹೊಳೆಯಬಾರದು, ಅಪ್ಪ ಹೇಳಿದಂತೆ ಟೂರ್ಮಲಿನ್ ಆಗಿದ್ದರೆ ಮಂಕಾಗಿಯೇ ಇರಬೇಕಿತ್ತು, ಅವಳು ದೀಪ ಆರಿಸಿದಳು, ಮತ್ತೆ ಹಚ್ಚಿದಳು, ಹೊಳೆಯಿತು, ಹಾಳಾದ್ದು. ಹರಳು ಪರೀಕ್ಷೆಯೇ ಅವಳ ಹೊಟ್ಟೆಪಾಡು, ಕಲಿಸಿದವರು ಅಪ್ಪ. ಹಗಲ ಬೆಳಕಿನಲ್ಲಿ ಅದೇ ನೇರಳೆ, ಹೆಬ್ಬೆರಳುದ್ದ, ಅಮ್ಮ ಇದ್ದಾಗ ನಿಮ್ಮ ಸೋಪಿನ ಚೂರಿಗೆ ಧೂಳು ಹಿಡಿದಿದೆ ನೋಡ್ರೀ ಅನ್ನುತ್ತಿದ್ದದ್ದು ಇದಕ್ಕೇ, ಅಪ್ಪ ಕರವಸ್ತ್ರದಲ್ಲಿ ಸುತ್ತಿ ಕಾಲೇಜಿಗೆ ಒಯ್ಯುತ್ತಿದ್ದರು, ಕಿಟಕಿಗೆ ಹಿಡಿದು, ನೋಡ್ರಪ್ಪ, ಟೂರ್ಮಲಿನ್ ಅಂದ್ರೆ ಹೀಗಿರುತ್ತೆ — ಎಷ್ಟು ತರಗತಿಗಳು, ಅವಳೂ ಬೆಂಚಿನಲ್ಲಿ ಕೂತು ಬರೆದುಕೊಂಡವಳೇ. ಸಂಜೆ ಸಂಗ್ರಹಾಲಯದವರು ಬರುತ್ತಾರೆ, ಹೆಸರೂ ಬೆಲೆಯೂ ಬೇಕು, ಅಪ್ಪನ ಹೆಸರಿನ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ, ಟೂರ್ಮಲಿನ್ ಅಂತಲೇ ಬರೆದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ, ಮಬ್ಬು ಕಣ್ಣಿನ ಅಪ್ಪನಿಗಂತೂ ಇಲ್ಲ, ಆದರೆ ಬುಡದಲ್ಲಿ ಒಂದು ಚಕ್ಕೆ ಎದ್ದಿದೆ, ಭೂತಗನ್ನಡಿಯಲ್ಲಿ ಎರಡು ಸೀಳು ಓರೆಯಾಗಿ ಒಂದನ್ನೊಂದು ಹಾಯುತ್ತವೆ, ಟೂರ್ಮಲಿನ್ ಹಾಗೆ ಸೀಳುವುದಿಲ್ಲ, ಇದು ಹೀಗೆ ಓರೆಯಾಗಿ ಸೀಳುವ ಆಂಫಿಬೋಲ್ ಖನಿಜಗಳ ಗುಂಪಿನದು, ಅದರಲ್ಲೂ ಟ್ರೆಮೊಲೈಟ್ ಅನ್ನುವ ಖನಿಜದ ಅಪರೂಪದ ನೇರಳೆ ಬಗೆ, ಇಷ್ಟು ದೊಡ್ಡದು ಇಡಿಯಾಗಿ ಸಿಗುವುದೇ ಕಷ್ಟ, ಬೆಲೆ ಎಷ್ಟೋ ಪಟ್ಟು — ಉಂಗುರಕ್ಕೆ ಮೆತ್ತಗಾಯಿತು, ಆಭರಣದವರು ಮೂಸಿಯೂ ನೋಡರು, ಸಂಗ್ರಹಕಾರರು ಮಾತ್ರ ಬಿಡರು.

ಏನೇ, ಸದ್ದೇ ಇಲ್ಲ, ಕುರ್ಚಿಯಿಂದ ಅಪ್ಪ, ಏನಾದ್ರೂ ಎಡವಟ್ಟಾ, ಏನಿಲ್ಲ ಅನ್ನಲು ಬಾಯಿ ತೆರೆದವಳು, ಅಪ್ಪ, ಇದು ಟೂರ್ಮಲಿನ್ ಅಲ್ಲ, ಅಂದುಬಿಟ್ಟಳು. ಅವರು ಕನ್ನಡಕ ತೆಗೆದರು, ಹಾಕಿದರೂ ಕಾಣದ ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸಿದರು, ಒರೆಸುತ್ತಲೇ ಇದ್ದರು. ಹೆಕ್ಸಗೊನೈಟ್ ಅಪ್ಪ, ಮೊದಲು ನೋಡಿದೋರೂ ಆರು ಮೂಲೆ ಹರಳು ಅಂತ ತಪ್ಪು ತಿಳಿದು ಇಟ್ಟ ಹೆಸರಂತೆ — ಸಮಾಧಾನ ಹೇಳ್ಬೇಡ, ಕೊಡು ಇಲ್ಲಿ. ಅವಳು ಅವರ ಹೆಬ್ಬೆರಳ ಉಗುರನ್ನು ಚಕ್ಕೆ ಎದ್ದ ಜಾಗದಲ್ಲಿ ಇಟ್ಟಳು, ಉಗುರು ಒಂದು ಸೀಳು ಹಿಡಿದು ಇಳಿಯಿತು, ಇನ್ನೊಂದು ಹಿಡಿದು ಹತ್ತಿತು, ಓರೆ, ಅಂದರು, ಓರೆ ಕಣೇ, ಐವತ್ತಾರು ಡಿಗ್ರಿ ಇರ್ಬೇಕು, ಆಂಫಿಬೋಲೇ, ಮುಖದಲ್ಲಿ ಹೊಸ ಪಾಠ ತೆಗೆಯುವ ಮೇಷ್ಟರ ಕಳೆ, ಮರುಕ್ಷಣ ಅದು ಇಳಿದುಹೋಯಿತು, ಎಷ್ಟು ಮಕ್ಕಳಿಗೆ ತೋರ್ಸಿದೀನಲ್ಲೇ, ನಿಂಗೂ — ಬರಿ, ನಿಜವಾದ ಹೆಸರೇ ಬರಿ. ಅವಳು ಬರೆದಳು, ಬೆಲೆಯನ್ನೂ ಬರೆದಳು, ಎಷ್ಟೆಂದು ಅವರು ಕೇಳಲಿಲ್ಲ, ಉಗುರು ಇಳಿಯಿತು, ಹತ್ತಿತು, ಓರೆಯ ತುದಿಯಲ್ಲಿ ನಿಂತಿತು, ಮತ್ತೆ ಇಳಿಯಿತು, ಉಗುರು, ಸೀಳು, ಆ ಉಗುರು —